ಲಾಮಾಗಳ ಜೊತೆ ನಡೆಯಲು ಹೊರಟ ಮುನ್ನಾದಿನ

ಜನವರಿಯ ಕೊನೆಯ ಶನಿವಾರ, ಬೆಳಗ್ಗೆ ಐದೂಮುಕ್ಕಾಲು. ನೈರೋಬಿಯ ಕಿಲೆಲೆಶ್ವಾ ಬಡಾವಣೆಯ ನಮ್ಮ ಮೂರನೆಯ ಮಹಡಿಯ ಮನೆ. ಹಾಜರಿದ್ದವರು ನಾನು ಮತ್ತು ನಮ್ಮವರು, ಇಬ್ಬರೇ. ಮನೆಗೆಲಸದಾಕೆ ಏಳಕ್ಕೆ ಬರುವವಳು. ಮರುದಿನ ನಸುಕಿಗೆ ನಾವು ಬೆಟ್ಟಕ್ಕೆ ಹೊರಡಬೇಕಿತ್ತು. ಅಷ್ಟರೊಳಗೆ ಮುಗಿಯಬೇಕಾದ ಕೆಲಸಗಳು ಹನ್ನೊಂದು. ಹಿಂದಿನ ಸಂಜೆಯೇ ಅವನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ.

ಹೊರಟಿದ್ದು ಲಾಮಾಗಳ ಜೊತೆಗಿನ ನಡಿಗೆಗೆ. ಲಾಮಾ ಒಂಟೆಯ ಸಂಬಂಧಿ. ಡುಬ್ಬವಿಲ್ಲ, ಮೈತುಂಬ ಉಣ್ಣೆ. ಬೆನ್ನು ಕತ್ತೆಯಷ್ಟು ಎತ್ತರಕ್ಕಿದ್ದರೂ ಕತ್ತು ನೆಟ್ಟಗೆ ನಿಂತು ಮುಖ ನಮ್ಮ ಮುಖದ ಮಟ್ಟಕ್ಕೆ ಬರುತ್ತದೆ. ಇದು ಈ ದೇಶದ ಪ್ರಾಣಿಯಲ್ಲ, ದಕ್ಷಿಣ ಅಮೆರಿಕದ್ದು. ಕಿನಾಂಗೋಪ್ ಕಡೆಯ ಬೆಟ್ಟದ ಅಂಚಿನಲ್ಲಿ ಒಂದು ಖಾಸಗಿ ತೋಟದವರು ಹತ್ತು ಹನ್ನೆರಡು ಲಾಮಾ ಸಾಕಿಕೊಂಡಿದ್ದಾರೆ. ಮೂರು ಹಗಲು, ಎರಡು ರಾತ್ರಿ. ಸಾಮಾನನ್ನು ಲಾಮಾ ಹೊರುತ್ತದೆ, ನಾವು ಹಗ್ಗ ಹಿಡಿದು ಪಕ್ಕದಲ್ಲಿ ನಡೆಯಬೇಕು. ಮುಂದೆ ಒಬ್ಬ ಗೈಡ್ ಇರುತ್ತಾನೆ. ಎರಡನೆಯ ದಿನ ಬಿದಿರ ಕಾಡು ದಾಟಿ ಮೇಲಿನ ಹುಲ್ಲುಗಾವಲಿಗೆ ಹತ್ತುತ್ತಾರೆ. ಅಲ್ಲಿ ಒಂಬತ್ತು ಸಾವಿರ ಅಡಿಗೂ ಮಿಕ್ಕಿದ ಎತ್ತರ. ಆ ಹುಲ್ಲುಗಾವಲನ್ನು ಕಾಣಬೇಕೆಂಬುದು ನಮ್ಮವರ ಆಸೆ.

ನಮ್ಮವರು ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಇಂಜಿನಿಯರ್ ಆಗಿದ್ದವರು. ಭಾನುವಾರ ಯಂತ್ರಗಳಿಗೆ ರಜೆ, ಆದ್ದರಿಂದ ಭಾನುವಾರವೇ ಅವರಿಗೆ ಹೆಚ್ಚು ಕೆಲಸ. ನೈರೋಬಿಯ ಮೂವತ್ತೆಂಟು ವರ್ಷಗಳಲ್ಲಿ ಆ ಬೆಟ್ಟಗಳನ್ನು ಅವರು ಕಂಡದ್ದು ನಕುರು ರಸ್ತೆಯಲ್ಲಿ, ಕಾರಿನ ಕಿಟಕಿಯಿಂದ. ಏಪ್ರಿಲ್‌ನಲ್ಲಿ ನಾವು ಮೈಸೂರಿಗೆ ಹಿಂದಿರುಗುವುದು ನಿಶ್ಚಯವಾಗಿತ್ತು. ಮನೆ ಬಿಡುವುದಾಗಿ ಮಾಲೀಕರಿಗೆ ಬರೆದುಕೊಟ್ಟಾಗಿತ್ತು. ಮಾರ್ಚ್ ನಡುವಿಗೆ ದೊಡ್ಡ ಮಳೆ ಶುರುವಾದರೆ ಲಾಮಾಗಳನ್ನು ಬೆಟ್ಟಕ್ಕೆ ಹೊಡೆಯುವುದಿಲ್ಲ, ಅದಕ್ಕೂ ಮುಂಚಿನ ನಡಿಗೆಗಳೆಲ್ಲ ಭರ್ತಿ. ನಮಗೆ ಸಿಕ್ಕಿದ್ದು ಇದೊಂದೇ.

“ಊರಿಗೆ ಹೋದ್ಮೇಲೆ ಯಾರಾದ್ರೂ ಆಫ್ರಿಕಾದಲ್ಲಿ ಏನ್ ನೋಡಿದ್ರಿ ಅಂತ ಕೇಳಿದ್ರೆ ಏನ್ ಹೇಳ್ಲಿ? ಕಂಪ್ರೆಸರ್ ನೋಡ್ದೆ ಅನ್ಲಾ?” ಎಂದು ನವೆಂಬರಿನಲ್ಲಿ ಒಂದು ದಿನ ಕೇಳಿದರು. ಆ ವಾರವೇ ನಾನು ಜಾಗ ಕಾಯ್ದಿರಿಸಿದೆ.

ನಾನು ಒಂದು ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಇದ್ದೆ, ಕೊನೆಯ ಹನ್ನೊಂದು ವರ್ಷ ಅದರ ಮುಖ್ಯಸ್ಥೆಯಾಗಿ. ಅಲ್ಲಿ ಪ್ರತಿ ಕೆಲಸಕ್ಕೂ ಎರಡು ರುಜು ಬೇಕು. ಮಾಡಿದವರದೊಂದು, ನೋಡಿದವರದೊಂದು. ಎಷ್ಟೇ ಅನುಭವಿಯಾದರೂ ತನ್ನ ಕೆಲಸವನ್ನು ತಾನೇ ನೋಡಿ ಸರಿ ಎನ್ನುವಂತಿಲ್ಲ. ಈ ಪದ್ಧತಿಯನ್ನು ನಾನು ಮನೆಗೂ ತಂದೆ. ಊರಿಗೆ ಹೊರಡುವಾಗ ಗ್ಯಾಸ್ ಆರಿಸುವವರು ಒಬ್ಬರು, ನೋಡುವವರು ಇನ್ನೊಬ್ಬರು. ಎರಡು ವರ್ಷದ ಹಿಂದೆ ನಮ್ಮವರ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಮಾತ್ರೆಗಳಿಗೂ ಅದೇ ಕ್ರಮ. ಏಳು ದಿನದ ಹದಿನಾಲ್ಕು ಖಾನೆಗಳ ಡಬ್ಬಿ, ಬೆಳಗ್ಗೆಗೆ ಎರಡು ಮಾತ್ರೆ, ರಾತ್ರಿಗೆ ಎರಡು. ಭಾನುವಾರ ಬೆಳಗ್ಗೆ ನಾನು ತುಂಬುತ್ತೇನೆ, ಅವರು ನೋಡುತ್ತಾರೆ, ನೋಟ್‌ಬುಕ್ಕಿನಲ್ಲಿ ಇಬ್ಬರೂ ರುಜು ಹಾಕುತ್ತೇವೆ. ದಿನವೂ ಮಾತ್ರೆ ನುಂಗಿದ ಮೇಲೆ ಇನ್ನೊಂದು ಸಾಲು, ಮತ್ತೆ ಎರಡು ರುಜು. ಮನೆಗೆ ಬಂದವರು ನೋಡಿ ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆ.

ಗೈಡ್ ಡಿಸೆಂಬರಿನಲ್ಲೇ ಫೋನಿನಲ್ಲಿ ನಿಯಮಗಳನ್ನು ಹೇಳಿದ್ದ. ಲಾಮಾದ ತಲೆ ಸವರಬಾರದು. ಹಿಂದಿನಿಂದ ಹತ್ತಿರ ಹೋಗಬಾರದು. ಬೆನ್ನಿನ ಎರಡು ಬದಿಯ ಚೀಲಗಳ ತೂಕದಲ್ಲಿ ಅರ್ಧ ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಕೂಡದು, ಇದ್ದರೆ ಜೀನು ಒಂದು ಕಡೆ ವಾಲಿ ಅದರ ಚರ್ಮ ಕೀಳುತ್ತದೆ. ಹೊರೆ ಹೆಚ್ಚಾದರೆ ಲಾಮಾ ಕೂತುಬಿಡುತ್ತದೆ, ಇಳಿಸುವವರೆಗೂ ಏಳುವುದಿಲ್ಲ. ಅರವತ್ತು ದಾಟಿದವರು ತಿಂಗಳ ಮುಂಚೆಯಿಂದ ನಡೆದು ರೂಢಿ ಮಾಡಿಕೊಳ್ಳಬೇಕು.

ರೂಢಿಗೆ ನೈರೋಬಿಯ ಊರೊಳಗೇ ಇರುವ ಕರೂರ ಕಾಡನ್ನು ಆರಿಸಿದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಆರೂವರೆಗೆ ಒಳಗೆ, ಒಂದೇ ಸುತ್ತು, ಒಂದೇ ದಾರಿ. ಎಷ್ಟು ನಿಮಿಷ ಹಿಡಿಯಿತೆಂದು ಪ್ರತಿ ಸಲವೂ ಬರೆದುಕೊಂಡೆ. ಡಿಸೆಂಬರ್ ಪೂರ್ತಿ ಐವತ್ತು ನಿಮಿಷದ ಆಸುಪಾಸು. ಜನವರಿಯ ಎರಡನೆಯ ವಾರ ಐವತ್ತೇಳಾಯಿತು. ಮೂರನೆಯ ವಾರ ಒಂದು ಗಂಟೆ ನಾಲ್ಕು ನಿಮಿಷ. ನಮ್ಮವರು ನಡುನಡುವೆ ನಿಲ್ಲುತ್ತಿದ್ದರು. ಕಾಲು ಭಾರ ಎನ್ನುತ್ತಿದ್ದರು. ಏರಿನಲ್ಲಿ ಒಮ್ಮೆ ಬಿದ್ದ ಮರದ ಮೇಲೆ ಕೂತು, “ಎರಡ್ ನಿಮಿಷ ಬಿಡು ಕಣೇ, ಕಣ್ಣು ಮಂಜಾಗ್ತಿದೆ” ಎಂದರು. ನಾನು ಗಡಿಯಾರ ನೋಡಿದೆ. ಬೆಳಗಿನ ಕಾಫಿ ಬಿಟ್ಟಿದ್ದಕ್ಕೆ ಹೀಗಾಗಿರಬೇಕು ಅಂದುಕೊಂಡೆ. ಸೋಮಾರಿತನವೆಂದೂ ಅಂದುಕೊಂಡೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

“ಲಾಮಾ ಕೂತರೆ ಹೊರೆ ಇಳಿಸ್ತಾರಂತೆ. ನಿಮಗೆ ಯಾವ ಹೊರೆ ಇದೆ ರೀ? ಏಳಿ” ಎಂದೆ.

ಅವರು ಎದ್ದರು. ಆ ವಾರದಿಂದ ನಾನು ಶನಿವಾರದ ನಡಿಗೆಯನ್ನೂ ಸೇರಿಸಿದೆ. ಮನೆಗೆಲಸದಾಕೆ ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, “ಮಾಮಾ, ಮ್ಜೀ ಅಮೆಚೋಕಾ” ಎಂದಿದ್ದಳು. ಸ್ವಾಹಿಲಿಯಲ್ಲಿ, ಅಮ್ಮಾ, ಹಿರಿಯರಿಗೆ ತುಂಬ ಆಯಾಸವಾಗಿದೆ ಎಂದು. ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಅವರು ಕೂತಿದ್ದನ್ನು ಆಕೆ ಎರಡು ಸಲ ನೋಡಿದ್ದಳಂತೆ. ಅಭ್ಯಾಸ ಮಾಡುತ್ತಿದ್ದಾರೆ, ಹಾಗಾಗಿ ಎಂದು ನಾನು ಉತ್ತರ ಕೊಟ್ಟು ಮೇಲೆ ಹತ್ತಿದ್ದೆ.

ಆ ಶನಿವಾರ ಮೊದಲ ಆರು ಕೆಲಸಗಳು ಸರಾಗವಾಗಿ ಮುಗಿದವು. ಬೂಟು, ಮಳೆ ಕೋಟು, ಟಾರ್ಚು, ಉಣ್ಣೆ ಟೋಪಿ, ಮಲಗುವ ಚೀಲ. ಆರನೆಯದು ತೂಕ. ತೂಕದ ಕೊಕ್ಕೆಯನ್ನು ಬಾಲ್ಕನಿಯ ಸರಳಿಗೆ ನೇತುಹಾಕಿ ಒಂದೊಂದೇ ಚೀಲ ಎತ್ತಿದೆವು. ಎಡದ್ದು ಎಂಟು ಕಿಲೋ ಒಂಬೈನೂರು, ಬಲದ್ದು ಎಂಟು ಕಿಲೋ ನೂರು.

“ನಿನ್ನ ಚಟ್ನಿಪುಡಿದೇ ಎಲ್ಲಾ ಭಾರ” ಎಂದರು ನಮ್ಮವರು. “ಮೂರು ದಿನಕ್ಕೆ ಮೂರು ಡಬ್ಬ. ಲಾಮಾಗೂ ಬಡಿಸ್ತೀಯಾ?”

“ನೀವೇ ಅಲ್ವಾ ತೋಟದವರ ಊಟ ಸಪ್ಪೆ ಇರುತ್ತೆ ಅಂತ ಗೋಳಾಡಿದ್ದು? ಅವಲಕ್ಕಿ ಪೊಟ್ಟಣ ಆ ಕಡೆ ಹಾಕಿ.”

ಅವಲಕ್ಕಿ ಎಡದಿಂದ ಬಲಕ್ಕೆ ಹೋಯಿತು. ನೂರಿನ್ನೂರು ಗ್ರಾಂ ವ್ಯತ್ಯಾಸ ಉಳಿಯಿತು. ಅವರು ಖುಷಿಯಾಗಿದ್ದರು. ಚೀಲ ಇಳಿಸಿ, ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ತೆಗೆದುಕೊಂಡು, ಸ್ನಾನಕ್ಕೆ ಹೋದರು. ಆಗ ಏಳು ಹೊಡೆಯಲು ಐದು ನಿಮಿಷ.

ಏಳನೆಯ ಕೆಲಸ ಔಷಧಿ.

ಜನವರಿಯ ಮೊದಲ ವಾರ, ನಾಲ್ಕು ಬಗೆಯ ಮಾತ್ರೆಗಳಲ್ಲಿ ಮುಗಿದಿದ್ದ ಎರಡನ್ನು ಎರಡು ತಿಂಗಳಿಗಾಗುವಷ್ಟು ತಂದಿದ್ದೆ. ಬೆಳಗ್ಗೆಯ ಬಿ.ಪಿ. ಮಾತ್ರೆಯ ಎರಡು ಪೆಟ್ಟಿಗೆ, ರಾತ್ರಿ ತೆಗೆದುಕೊಳ್ಳುವ, ಹೃದಯದ ಬಡಿತ ನಿಧಾನ ಮಾಡುವ ಮಾತ್ರೆಯ ಎರಡು ಪೆಟ್ಟಿಗೆ. ಮೊದಲೆಲ್ಲ ಒಂದರದು ನೀಲಿ ಪೆಟ್ಟಿಗೆ, ಇನ್ನೊಂದರದು ಕೆಂಪು. ಆ ಸಲ ಅಂಗಡಿಯವರು ಬೇರೆ ತಯಾರಕರದು ಕೊಟ್ಟಿದ್ದರು. ನಾಲ್ಕೂ ಪೆಟ್ಟಿಗೆ ಒಂದೇ ಅಳತೆ, ಬಿಳಿಯ ಮೇಲೆ ಹಸಿರು ಗೆರೆ, ಒಳಗಿನ ಮಾತ್ರೆಗಳೂ ಬಿಳಿ, ಗುಂಡು. ಎರಡು ಪೆಟ್ಟಿಗೆಯನ್ನು ಬಳಕೆಗೆ ಇಟ್ಟುಕೊಂಡು ಎರಡನ್ನು ಮೇಲಿನ ಕಪಾಟಿನಲ್ಲಿ ಇಟ್ಟಿದ್ದೆ. ಈಗ ಬೆಟ್ಟಕ್ಕೆ ಹೆಚ್ಚುವರಿಯಾಗಿ ಒಂದೊಂದು ಮಾತ್ರೆಪಟ್ಟಿ ತೆಗೆಯೋಣವೆಂದು ಆ ಎರಡನ್ನೂ ಕೆಳಗಿಳಿಸಿದೆ. ಗೈಡ್ ಕಳಿಸಿದ್ದ ಆರೋಗ್ಯದ ಫಾರಂನಲ್ಲಿ ಮಾತ್ರೆಗಳ ಹೆಸರು ಬರೆಯಬೇಕಿತ್ತು. ಕನ್ನಡಕ ಹಾಕಿಕೊಂಡು ಓದಿದೆ.

ಎರಡರ ಮೇಲೂ ಒಂದೇ ಹೆಸರು. ಎರಡೂ ಬಿ.ಪಿ. ಮಾತ್ರೆ.

ಬಳಕೆಯಲ್ಲಿದ್ದ ಪೆಟ್ಟಿಗೆಗಳನ್ನು ತಂದು ಪಕ್ಕದಲ್ಲಿಟ್ಟೆ. ಅವೆರಡೂ ಬಡಿತ ನಿಧಾನ ಮಾಡುವ ಮಾತ್ರೆ. ಒಂದರ ಮೇಲೆ ನನ್ನದೇ ಅಕ್ಷರದಲ್ಲಿ ‘ಬೆಳಗ್ಗೆ’ ಎಂದು, ಇನ್ನೊಂದರ ಮೇಲೆ ‘ರಾತ್ರಿ’ ಎಂದು ಬರೆದಿತ್ತು. ಎರಡರಲ್ಲೂ ಒಂಬತ್ತೊಂಬತ್ತು ಉಳಿದಿದ್ದವು. ಮೂರು ಭಾನುವಾರ ನಾನು ಡಬ್ಬಿ ತುಂಬಿದ್ದೆ. ಇಪ್ಪತ್ತು ದಿನ ಅವರು ನಿಧಾನದ ಮಾತ್ರೆಯನ್ನು ದಿನಕ್ಕೆರಡು ಸಲ ನುಂಗಿದ್ದರು, ಬಿ.ಪಿ.ಯದನ್ನು ಒಂದೂ ನುಂಗಿರಲಿಲ್ಲ. ಇಪ್ಪತ್ತೊಂದನೆಯ ದಿನದ್ದು ಡಬ್ಬಿಯಲ್ಲಿ ಕಾಯುತ್ತಿತ್ತು.

ನಮ್ಮ ಲ್ಯಾಬಿಗೆ ಹೊಸಬರು ಬಂದಾಗ ಮೊದಲ ದಿನವೇ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಬಣ್ಣ ನೋಡಿ ಗುರುತು ಹಿಡಿಯಬೇಡಿ, ಜಾಗ ನೋಡಿ ಗುರುತು ಹಿಡಿಯಬೇಡಿ, ಹೆಸರು ಓದಿ. ಪೆಟ್ಟಿಗೆಗಳನ್ನು ತಂದ ದಿನ ನನ್ನ ಎಡಗೈಯಲ್ಲಿ ಲಾಮಾ ಸಾಮಾನಿನ ಪಟ್ಟಿ ಇತ್ತು. ಬಣ್ಣ ಬೇರೆ ಇಲ್ಲದ್ದರಿಂದ, ಮೇಲಿದ್ದ ಎರಡನ್ನು ತೆಗೆದುಕೊಂಡು ಒಂದು ಅದು, ಒಂದು ಇದು ಎಂದು ನಂಬಿ, ಓದದೆಯೇ ‘ಬೆಳಗ್ಗೆ’, ‘ರಾತ್ರಿ’ ಎಂದು ಬರೆದಿದ್ದೆ. ನಮ್ಮವರು ನೋಡಿ ರುಜು ಹಾಕಿದ್ದರು. ಅವರು ನೋಡುತ್ತಿದ್ದದ್ದು ಸಂಖ್ಯೆಯನ್ನು: ಪ್ರತಿ ಖಾನೆಯಲ್ಲಿ ಎರಡು ಇದೆಯೇ ಎಂದು. ಎರಡು ಇತ್ತು. ಹೆಸರಿನ ವಿಷಯದಲ್ಲಿ ಅವರು ನನ್ನನ್ನು ನಂಬಿದ್ದರು, ನಾನು ಅವರ ರುಜುವನ್ನು ನಂಬಿದ್ದೆ.

ಬಚ್ಚಲಿನಲ್ಲಿ ನೀರಿನ ಸದ್ದು ಇನ್ನೂ ಇತ್ತು. ಅಷ್ಟು ಹೊತ್ತಿನಲ್ಲಿ ನನಗೆ ಬಂದ ಯೋಚನೆಯನ್ನು ಬರೆಯಲೇಬೇಕು. ಪೆಟ್ಟಿಗೆಗಳನ್ನು ಅದಲುಬದಲು ಮಾಡಿ, ಇವತ್ತಿನ ಖಾನೆ ಸರಿಪಡಿಸಿದರೆ ಯಾರಿಗೂ ತಿಳಿಯುವುದಿಲ್ಲ. ಅವರು ಬೆಟ್ಟಕ್ಕೆ ಹೋಗುತ್ತಾರೆ. ನಾಲ್ಕು ದಿನದಲ್ಲಿ ದೇಹ ತಾನಾಗಿ ಸರಿಹೋಗಬಹುದು. ನನ್ನ ಕೈ ‘ಬೆಳಗ್ಗೆ’ ಎಂದು ಬರೆದ ಪೆಟ್ಟಿಗೆಯ ಮೇಲೆ ಇತ್ತು. ಲ್ಯಾಬಿನಲ್ಲಿ ಹೀಗೆ ತಪ್ಪು ಮುಚ್ಚಿಟ್ಟಿದ್ದಕ್ಕಾಗಿ ಒಬ್ಬನನ್ನು ನಾನು ಕೆಲಸದಿಂದ ತೆಗೆಸಿದ್ದೆ.

ನೀರು ನಿಂತಿತು. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು, ಎಂದಿನಂತೆ ಡಬ್ಬಿಯ ಶನಿವಾರದ ಖಾನೆ ತೆರೆದರು.

“ಅದನ್ನ ತಗೋಬೇಡಿ” ಎಂದೆ.

ಕೂರಿಸಿ, ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದೆ. ನಲವತ್ತಾರು. ನವೆಂಬರಿನಲ್ಲಿ ಡಾಕ್ಟರು ನೋಡಿದಾಗ ಅರವತ್ತೆಂಟಿತ್ತು. ಆಮೇಲೆ ನಾಲ್ಕು ಪೆಟ್ಟಿಗೆಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟು, ಆದದ್ದನ್ನು ಆದ ಕ್ರಮದಲ್ಲೇ ಹೇಳಿದೆ. ಅವರು ಒಂದೊಂದನ್ನೇ ಎತ್ತಿ, ಕಣ್ಣಿನ ಹತ್ತಿರ ತಂದು ಓದಿದರು. ಬೈಯುತ್ತಾರೆಂದು ಕಾದೆ. ಮೊದಲು ಅವರು ಕೇಳಿದ್ದು ಬೇರೆ.

“ಹಾಗಾದ್ರೆ ನಂಗೆ ವಯಸ್ಸಾಗಿದ್ದಕ್ಕಲ್ಲ ಅದು?”

“ಅಲ್ಲ.”

“ನಾನು ಅಂದ್ಕೊಂಡೆ, ಮುಗೀತು ನನ್ನ ಕಥೆ ಅಂತ. ನಿಂಗೆ ಹೇಳ್ಲಿಲ್ಲ.” ಕೈಯಲ್ಲಿದ್ದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ಅವರ ಮುಖ ಬದಲಾಯಿತು. “ಆದ್ರೆ ಆ ಮರದ ಮೇಲೆ ಕೂತಾಗ ನಾನು ಬಾಯಿ ಬಿಟ್ಟು ಹೇಳಿದ್ದೆ, ಕಣ್ಣು ಮಂಜಾಗ್ತಿದೆ ಅಂತ. ನೀನು ವಾಚ್ ನೋಡ್ದೆ.”

ನಾನು ಪೆಟ್ಟಿಗೆಗಳ ಸಾಲನ್ನು ನೇರ ಮಾಡಿದೆ.

“ಮಾತ್ರೆ ತಪ್ಪಿದ್ದು ಬಿಡು, ಯಾರ್ ಬೇಕಾದ್ರೂ ತಪ್ಪಬಹುದು. ನಾನೂ ನೋಡ್ಲಿಲ್ವಲ್ಲ. ಆದ್ರೆ ವಾಚ್ ನೋಡ್ದೆ ನೀನು.”

ಮನೆಗೆಲಸದಾಕೆ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕನ್ನಡ ತಿಳಿಯದು, ಆದರೂ ಪೊರಕೆ ತೆಗೆದುಕೊಳ್ಳದೆ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಎಂಟೂವರೆಗೆ ವೆಸ್ಟ್‌ಲ್ಯಾಂಡ್ಸ್‌ನ ಡಾಕ್ಟರ ಬಳಿ ಇದ್ದೆವು. ಟ್ಯಾಕ್ಸಿಯಲ್ಲಿ ಅವರು ಡ್ರೈವರನ ಪಕ್ಕ ಮುಂದೆ ಕೂತರು. ನಾವು ಜೊತೆಯಾಗಿ ಹೊರಟಾಗ ಅವರು ಮುಂದೆ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಡಾಕ್ಟರು ಇ.ಸಿ.ಜಿ. ತೆಗೆಸಿದರು, ರಕ್ತ ತೆಗೆಸಿದರು, ಎರಡು ಗಂಟೆ ಅಲ್ಲಿಯೇ ಮಲಗಿಸಿ ಮತ್ತೊಮ್ಮೆ ನೋಡಿದರು. ಹೃದಯಕ್ಕೆ ಹಾನಿಯಾದಂತೆ ಕಾಣುವುದಿಲ್ಲ, ಬಡಿತ ಮಾತ್ರ ತೀರಾ ನಿಧಾನ, ರಕ್ತದೊತ್ತಡ ಇರಬೇಕಾದ್ದಕ್ಕಿಂತ ಹೆಚ್ಚು ಎಂದರು. ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಹೊಸದಾಗಿ ಬರೆದುಕೊಟ್ಟರು. ಎರಡು ವಾರ ಏರು ಹತ್ತಕೂಡದು, ಮಂಗಳವಾರ ಮತ್ತೆ ಬರಬೇಕು. ಬೆಟ್ಟದ ವಿಷಯ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಈ ನಾಡಿಯಲ್ಲಿ ಅಷ್ಟು ಎತ್ತರದಲ್ಲಿ ಬಿದ್ದರೆ ಕೆಳಗಿಳಿಸುವವರು ಯಾರು ಎಂದು ಕೇಳಿದರು.

ಆಮೇಲೆ ಡಬ್ಬಿ ತುಂಬುವವರು ಯಾರೆಂದು ಕೇಳಿದರು. ನಾನು ಎಂದೆ. ಸಹಜವಾಗಿ ಎಂಬಂತೆ ನನ್ನ ವಯಸ್ಸು ಕೇಳಿದರು. ಇತ್ತೀಚೆಗೆ ಬೇರೇನಾದರೂ ಹೀಗೆ ತಪ್ಪಿದ್ದುಂಟೇ, ಬೀಗದಕೈ, ಒಲೆ, ದಾರಿ ಎಂದರು. ಇಲ್ಲ ಎಂದೆ. ಹೇಳಿದ ಮೇಲೆ, ಇಲ್ಲವೆಂದು ನನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಎದ್ದಿತು. ಈ ತಪ್ಪೂ ಇಪ್ಪತ್ತು ದಿನ ನನಗೆ ಗೊತ್ತಿರಲಿಲ್ಲ. ಮಂಗಳವಾರ ನೀವೂ ಹತ್ತು ನಿಮಿಷ ಕೂತು ಹೋಗಿ, ಸುಮ್ಮನೆ ನಾಲ್ಕು ಪ್ರಶ್ನೆ ಎಂದರು ಡಾಕ್ಟರು. ನಮ್ಮವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಗೋಡೆಯ ಕಡೆ ನೋಡುತ್ತಿದ್ದರು.

ಮನೆಗೆ ಬಂದಾಗ ಹನ್ನೆರಡಾಗಿತ್ತು. ಊಟಕ್ಕೆ ಕೂತಾಗ ಅವರೇ ಮಾತು ತೆಗೆದರು.

“ನಾಳೆ ಹೋಗೋಣ. ನಾನು ಮೇಲೆ ಹತ್ತಲ್ಲ. ಮೊದಲ್ನೇ ದಿನದ ಬಿಡಾರದಲ್ಲೇ ಇರ್ತೀನಿ. ನೀವೆಲ್ಲ ಹತ್ತಿ ಬನ್ನಿ.”

“ಮೊದಲನೇ ದಿನವೇ ಮೂರು ಗಂಟೆ ಏರು ಇದೆ.”

“ಲಾಮಾ ಹಿಡ್ಕೊಂಡು ನಿಧಾನವಾಗಿ ಹೋಗ್ತೀನಿ. ಆ ಫಾರಂನಲ್ಲಿ ಇದನ್ನೆಲ್ಲ ಬರೀಬೇಡ, ಅಷ್ಟೆ. ಸ್ಟೆಂಟ್ ಇದೆ, ಮಾತ್ರೆ ತಗೋತಾರೆ, ಅಷ್ಟು ಸಾಕು. ಅದು ಸುಳ್ಳಲ್ವಲ್ಲ.”

“ಬರೀದೇ ಇರೋಕಾಗಲ್ಲ ರೀ.”

ಅವರು ತಟ್ಟೆಯ ಕಡೆ ನೋಡುತ್ತಲೇ ಹೇಳಿದರು: “ಆ ನೋಟ್‌ಬುಕ್ಕಲ್ಲಿ ಇಪ್ಪತ್ತು ದಿನ ಸರಿಯಾಗಿದೆ ಅಂತ ಸೈನ್ ಹಾಕಿದ್ದೀಯ. ಅದೆಲ್ಲ ನಿಜವಾ?”

ಅವರು ಕೈ ತೊಳೆದು ಹೋಗಿ ಮಲಗಿದರು. ನಾನು ಮೇಜು ಒರೆಸಿ ನೋಟ್‌ಬುಕ್ ತೆಗೆದೆ. ನಮ್ಮ ಕೆಲಸದಲ್ಲಿ ತಪ್ಪಾದ ದಾಖಲೆಯನ್ನು ಅಳಿಸುವುದಿಲ್ಲ, ಹಾಳೆ ಹರಿಯುವುದಿಲ್ಲ. ಹಳೆಯದು ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಕಾರಣ ಬರೆದು, ತಾರೀಕು ಹಾಕಬೇಕು. ಇಪ್ಪತ್ತು ದಿನದ ಸಾಲುಗಳಿಗೂ ಮೂರು ಭಾನುವಾರದ ಸಾಲುಗಳಿಗೂ ಹಾಗೆಯೇ ಮಾಡಿದೆ. ‘ಬೆಳಗ್ಗೆ ತಪ್ಪು ಮಾತ್ರೆ. ತುಂಬಿದವರು ಹೆಸರು ಓದಲಿಲ್ಲ.’ ಇಪ್ಪತ್ತಮೂರು ಸಲ ಅದನ್ನೇ ಬರೆದೆ. ಒಂದು ಗಂಟೆ ಹಿಡಿಯಿತು. ಕರೂರದ ನಿಮಿಷಗಳ ಪಟ್ಟಿಯೂ ಅದೇ ಪುಸ್ತಕದ ಹಿಂಭಾಗದಲ್ಲಿತ್ತು. ಅದಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಲ್ಲಿನ ಅಂಕಿಗಳೆಲ್ಲ ಸರಿಯಾಗಿಯೇ ಇದ್ದವು.

ಎರಡೂವರೆಗೆ ಗೈಡ್‌ಗೆ ಫೋನ್ ಮಾಡಿದೆ. ಕೋಣೆಯ ಬಾಗಿಲು ತೆರೆದೇ ಇಟ್ಟು, ನಮ್ಮವರಿಗೆ ಕೇಳುವಂತೆ ಮಾತಾಡಿದೆ. ಮಾತ್ರೆ ತಪ್ಪಿದ್ದು, ಯಾರಿಂದ ತಪ್ಪಿದ್ದು, ನಾಡಿ ಎಷ್ಟು, ಡಾಕ್ಟರು ಏನೆಂದರು, ಎಲ್ಲ ಹೇಳಿದೆ. ಅವನು ನಡುವೆ ಮಾತಾಡದೆ ಕೇಳಿಸಿಕೊಂಡ. ‘ಪೋಲೆ ಸಾನಾ’ ಎಂದ, ಬಹಳ ಬೇಸರವಾಯಿತು ಎಂದು. ಕರೆದುಕೊಂಡು ಹೋಗಲಾರೆ ಎಂದ. ಮೊದಲ ಬಿಡಾರದಿಂದ ಗಾಡಿ ದಾರಿಗೆ ಬರಲು ಆರೋಗ್ಯವಂತರಿಗೇ ಎರಡು ಗಂಟೆ ಬೇಕು, ಲಾಮಾ ಸಾಮಾನು ಹೊರುತ್ತದೆಯೇ ಹೊರತು ಮನುಷ್ಯನನ್ನು ಹೊರುವುದಿಲ್ಲ. ತಂಡದಲ್ಲಿ ಬೇರೆ ನಾಲ್ಕು ಜನ ಇದ್ದಾರೆ, ಒಬ್ಬರನ್ನು ಇಳಿಸಲು ಹೋದರೆ ಅವರನ್ನು ಬಿಟ್ಟು ಹೋದಂತೆ. ನೀವೊಬ್ಬರೇ ಬರುವುದಾದರೆ ಬನ್ನಿ ಎಂದ.

ಒಳಗಿನಿಂದ ನಮ್ಮವರು ಹೇಳಿದರು: “ನೀನು ಹೋಗು.”

ಆ ಮಾತಿನಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಬರುವುದಿಲ್ಲ ಎಂದು ಗೈಡ್‌ಗೆ ಹೇಳಿದೆ. ಬೇರೆ ದಿನ ಸಿಗಬಹುದೇ ಎಂದು ಕೇಳಿದೆ. ಮಾರ್ಚ್ ಮೊದಲ ವಾರ ಯಾರಾದರೂ ಬಿಟ್ಟರೆ ತಿಳಿಸುತ್ತೇನೆ, ಆದರೆ ಆಗ ಮಳೆ ಹೇಗಿರುತ್ತದೋ ಹೇಳಲಾರೆ, ಡಾಕ್ಟರ ಚೀಟಿಯಿಲ್ಲದೆ ಮಾತ್ರ ಸೇರಿಸಿಕೊಳ್ಳುವುದಿಲ್ಲ ಎಂದ. ಅವನು ಹೇಳಿದ್ದೆಲ್ಲ ನ್ಯಾಯವಾಗಿತ್ತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಫೋನ್ ಇಟ್ಟು ಕೋಣೆಗೆ ಹೋದೆ. ಅವರು ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಬಂದಿರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, ತಪ್ಪಾಯಿತು ಎಂದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೆಂದು ನೆನಪು ಮಾಡಿಕೊಂಡೆ. ಹೆಚ್ಚು ನೆನಪಾಗಲಿಲ್ಲ.

“ಮಾತ್ರೆಗಾ, ವಾಚ್‌ಗಾ?” ಎಂದರು ಕಣ್ಣು ತೆರೆಯದೆ.

“ವಾಚ್‌ಗೆ.”

ಅವರು ಗೋಡೆಯ ಕಡೆ ಹೊರಳಿದರು. ನಾನು ಎದ್ದು ಬಂದು ಬಾಲ್ಕನಿಯಲ್ಲಿ ಚೀಲಗಳನ್ನು ಬಿಚ್ಚಿದೆ. ಮಲಗುವ ಚೀಲ, ಉಣ್ಣೆ ಟೋಪಿ, ಡಬ್ಬಗಳು ಎಲ್ಲ ಅದರದರ ಜಾಗಕ್ಕೆ ಹೋದವು. ಅವರ ಹೊಸ ಬೂಟನ್ನು ಎಲ್ಲಿಡಬೇಕೆಂದು ತೋಚದೆ ಬಾಗಿಲ ಬಳಿಯೇ ಬಿಟ್ಟೆ. ಫ್ರಿಜ್ಜಿನ ಮೇಲಿದ್ದ ಪಟ್ಟಿಯಲ್ಲಿ ಎಂಟರಿಂದ ಹನ್ನೊಂದರವರೆಗಿನ ಕೆಲಸಗಳು ಉಳಿದಿದ್ದವು. ಅವುಗಳ ಮೇಲೆ ಗೆರೆ ಎಳೆದೆ.

ಸಂಜೆ ಏಳಕ್ಕೆ ಅವರು ಎದ್ದು ಬಂದರು. ಮುಖ ತೊಳೆದಿದ್ದರು. ಡಬ್ಬಿ, ಮಾತ್ರೆಯ ಪೆಟ್ಟಿಗೆಗಳು, ಡಾಕ್ಟರು ಬರೆದ ಚೀಟಿ ಮೂರನ್ನೂ ಮೇಜಿನ ಮೇಲೆ ತಂದಿಟ್ಟುಕೊಂಡು, ದೀಪ ಹಾಕಿ ಕೂತರು. ವಾರದ್ದನ್ನು ತುಂಬುವುದು ಭಾನುವಾರದ ಕೆಲಸ, ನನ್ನ ಕೆಲಸ. ನಾನು ಎದುರು ಕುರ್ಚಿ ಎಳೆದುಕೊಂಡು ಕೂತು ಪೆಟ್ಟಿಗೆಗೆ ಕೈ ಚಾಚಿದೆ.

“ನಾನು ತುಂಬ್ತೀನಿ” ಎಂದರು. “ನೀನು ನೋಡು. ಕೈ ಹಾಕ್ಬೇಡ.”

ನಾನು ಕೈಯನ್ನು ತೊಡೆಯ ಮೇಲಿಟ್ಟುಕೊಂಡೆ. ಅವರು ಮಾತ್ರೆಪಟ್ಟಿಯೊಂದನ್ನು ದೀಪಕ್ಕೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಹೆಸರನ್ನು ಗಟ್ಟಿಯಾಗಿ ಓದಿದರು. ಚೀಟಿಯಲ್ಲಿ ನೋಡಿದರು. ಒಂದು ಮಾತ್ರೆ ಒತ್ತಿ ತೆಗೆದು ಭಾನುವಾರದ ಖಾನೆಗೆ ಹಾಕಿದರು. ಮತ್ತೆ ಅದೇ ಪಟ್ಟಿಯನ್ನು ದೀಪಕ್ಕೆ ಹಿಡಿದು, ಸೋಮವಾರಕ್ಕೆ ಹಾಕುವ ಮೊದಲು ಅದೇ ಹೆಸರನ್ನು ಇನ್ನೊಮ್ಮೆ ಓದಿದರು. ನಾನಾಗಿದ್ದರೆ ಆರು ನಿಮಿಷದಲ್ಲಿ ಮುಗಿಸುತ್ತಿದ್ದೆ. ಅವರ ದಪ್ಪ ಬೆರಳಿನಿಂದ ಬುಧವಾರದ ಮಾತ್ರೆ ಜಾರಿ ನೆಲಕ್ಕೆ ಬಿತ್ತು. ಬಗ್ಗಲು ಹೋದೆ, ಅವರು ತಲೆಯಲ್ಲಾಡಿಸಿದರು. ತಾವೇ ಬಗ್ಗಿ ಎತ್ತಿ, ಅದನ್ನು ಬೇರೆ ಇಟ್ಟು, ಹೊಸದೊಂದು ತೆಗೆದರು. ಪ್ರತಿ ಹೆಸರಿಗೂ ನಾನು ‘ಸರಿ’ ಎಂದೆ.

ಏಳೂ ನಲವತ್ತಕ್ಕೆ ಹದಿನಾಲ್ಕನೆಯ ಖಾನೆ ಮುಚ್ಚಿದರು. ನೋಟ್‌ಬುಕ್ ತೆರೆದಾಗ ನಾನು ಗೆರೆ ಎಳೆದಿದ್ದ ಪುಟ ಕಣ್ಣಿಗೆ ಬಿತ್ತು. ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಮುಗಿಸಿ, ಹಾಳೆ ತಿರುಗಿಸಿ, ‘ತುಂಬಿದವರು’ ಎಂಬಲ್ಲಿ ತಮ್ಮ ರುಜು ಹಾಕಿ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ನಾನು ಹದಿನಾಲ್ಕೂ ಖಾನೆಗಳನ್ನು ಮತ್ತೆ ತೆರೆದು, ಒಂದೊಂದು ಮಾತ್ರೆಯ ಮೇಲೆ ಅಚ್ಚಾದ ಸಣ್ಣ ಗುರುತನ್ನೂ ಅದರ ಪಟ್ಟಿಯ ಮಾತ್ರೆಯ ಪಕ್ಕ ಹಿಡಿದು ನೋಡಿ, ‘ನೋಡಿದವರು’ ಎಂಬಲ್ಲಿ ರುಜು ಹಾಕಿದೆ.